ಬರ್ಲೀಸ್ ಆಲಿಕೆಯ ಸೀಸೆ ಖಾಲಿ ಬಂದರೆ ಏನೇನು ಪರೀಕ್ಷಿಸಬೇಕು?

ಮಣ್ಣಿನಲ್ಲಿರುವ ಪುಟ್ಟ ಜೀವಿಗಳನ್ನು ಶಾಖ ಕೊಟ್ಟು ಕೆಳಗಿನ ಸೀಸೆಗೆ ಇಳಿಸಿ ಎಣಿಸುವ ಉಪಕರಣ ಬರ್ಲೀಸ್ ಆಲಿಕೆ. ದರಗಿನ (ಉದುರಿದ ಒಣ ಎಲೆಗಳ) ಅಡಿಯಿಂದ ಒಳ್ಳೆಯ ಕಪ್ಪು ಮಣ್ಣು ತಂದು ಅದಕ್ಕೆ ಹಾಕಿದ್ದೀರಿ. ವಾರವಿಡೀ ಬಲ್ಬ್ ಉರಿದಿದೆ. ಸೀಸೆ ತೆಗೆದು ನೋಡಿದರೆ ನಾಲ್ಕು ನುಸಿ (ಮೈಟ್), ಒಂದು ಇರುವೆ, ಒಂದಿಷ್ಟು ಧೂಳು. "ಈ ತೋಟದ ಮಣ್ಣಿನಲ್ಲಿ ಜೀವವೇ ಇಲ್ಲ" ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯುವ ಆಸೆ ಆಗುವುದು ಈಗಲೇ. ಸ್ವಲ್ಪ ತಡೆಯಿರಿ. ಕಾಡಿನ ಅಥವಾ ನೆರಳಿನ ತೋಟದ ಮೇಲ್ಮಣ್ಣಿನಲ್ಲಿ ಚದರ ಮೀಟರಿಗೆ ಹತ್ತಾರು ಸಾವಿರ ನುಸಿ, ಚಿಮ್ಮಿ ನೆಗೆಯುವ ಪುಟ್ಟ ಕೀಟದಂಥ ಸ್ಪ್ರಿಂಗ್‌ಟೇಲ್‌ಗಳು ಇರುವುದು ಸಾಮಾನ್ಯ. ಖಾಲಿ ಸೀಸೆ ಕಂಡರೆ ಮೊದಲು ಆಲಿಕೆಯನ್ನು ಅನುಮಾನಿಸಬೇಕು, ಮಣ್ಣಿನ ಸರದಿ ಆಮೇಲೆ.

ಉಪಕರಣ ಸರಳ. ಆಲಿಕೆಯೊಳಗೆ ಸುಮಾರು 2 ಮಿ.ಮೀ. ಕಣ್ಣಿನ ಜರಡಿ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಬಲ್ಬ್, ಕೆಳಗೆ 70% ಆಲ್ಕೋಹಾಲ್ ಇರುವ ಸೀಸೆ. ಇಟಲಿಯ ಆಂಟೋನಿಯೊ ಬರ್ಲೀಸ್ 1905ರಲ್ಲಿ ಇದನ್ನು ಮಾಡಿದಾಗ ಬಲ್ಬ್ ಇರಲಿಲ್ಲ. ಆಲಿಕೆಯ ಸುತ್ತ ಬಿಸಿನೀರಿನ ಹೊದಿಕೆ ಇತ್ತು. 1918ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ಶಾಖವನ್ನು ಮೇಲಿನಿಂದ, ಬಲ್ಬಿನಿಂದ ಕೊಟ್ಟರು. ಸುತ್ತಲಿಂದ ಕಾಯಿಸಿದರೆ ಮಣ್ಣು ಎಲ್ಲ ಕಡೆಯೂ ಒಣಗುತ್ತದೆ, ಜೀವಿಗೆ ಓಡಲು ದಿಕ್ಕೇ ಇರುವುದಿಲ್ಲ. ಮೇಲಿನಿಂದ ಕಾಯಿಸಿದರೆ ಮೇಲೆ ಒಣ, ಕೆಳಗೆ ತೇವ. ಹೆಚ್ಚಿನ ಸ್ಪ್ರಿಂಗ್‌ಟೇಲ್‌ಗಳು ಚರ್ಮದ ಮೂಲಕವೇ ಉಸಿರಾಡುತ್ತವೆ, ತೇವ ಹೋದರೆ ಬದುಕುವುದಿಲ್ಲ. ಹಾಗಾಗಿ ಅವು ತೇವ ಹುಡುಕಿಕೊಂಡು ಕೆಳಗೆ ಇಳಿಯುತ್ತವೆ, ಕೊನೆಗೆ ಜರಡಿಯಿಂದ ಜಾರುತ್ತವೆ. ಅಂದರೆ ಅವು ತಮ್ಮ ಕಾಲಿನಿಂದಲೇ ನಡೆದು ಬರಬೇಕು. ನಡೆಯಲು ಜೀವ ಬೇಕು, ದಾರಿ ಬೇಕು, ಸಮಯ ಬೇಕು. ಮುಂದೆ ಬರುವ ದೋಷಗಳಲ್ಲಿ ಬಹುಪಾಲು ಈ ಮೂರರಲ್ಲಿ ಒಂದು ಇಲ್ಲದ್ದರಿಂದ ಆಗುವಂಥವು.

ಮೊದಲು ಉಳಿದ ಮಣ್ಣನ್ನು ತೇಲಿಸಿ ನೋಡಿ

ಸೀಸೆ ಖಾಲಿ ಬಂದ ಕೂಡಲೇ ಬಲ್ಬ್ ಬದಲಿಸಲು ಹೋಗಬೇಡಿ. ಜರಡಿಯ ಮೇಲೆ ಉಳಿದ ಮಣ್ಣನ್ನು ಎಸೆಯಲೂ ಬೇಡಿ. ದೋಷಕ್ಕೆ ಸಾಕ್ಷಿ ಇರುವುದು ಅದರಲ್ಲೇ.

ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬೇಕು. ಅಡಿಕೆ ಮರಕ್ಕೆ, ಕಾಫಿ ಗಿಡಕ್ಕೆ ಹಾಕುತ್ತಾರಲ್ಲ, ಅದೇ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ದ್ರಾವಣ ತೂಗಿದರೆ 1.2 ಕಿಲೊ ಬರಬೇಕು, ಅಲ್ಲಿಯವರೆಗೆ ಕರಗಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ. 1944ರಲ್ಲಿ ಇಂಗ್ಲೆಂಡಿನಲ್ಲಿ ಸಾಲ್ಟ್ ಮತ್ತು ಹಾಲಿಕ್ ಎಂಬ ಸಂಶೋಧಕರು ಹೊಲದ ತಂತಿಹುಳು (ಬೇರು ತಿನ್ನುವ ಒಂದು ಜಾತಿಯ ಜೀರುಂಡೆಯ ಮರಿ) ಎಣಿಸಲು ಬಳಸಿದ್ದೂ ಇದೇ ದ್ರಾವಣ. ಆಲಿಕೆಯ ಮಣ್ಣಿನಲ್ಲಿ ಒಂದು ಮುಷ್ಟಿಯನ್ನು ನೀರಿನಲ್ಲಿ ನೆನೆಹಾಕಿ, ಹೆಂಟೆಗಳು ತಾವಾಗೇ ಬಿಡಲಿ. ಕೈಯಲ್ಲಿ ಹಿಸುಕಬೇಡಿ. ತೆಳು ಬಟ್ಟೆಯಲ್ಲಿ ನೀರು ಬಸಿದು, ಮಣ್ಣನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ, ದ್ರಾವಣ ಸುರಿದು ನಿಧಾನಕ್ಕೆ ಕಲಕಿ. ಹದಿನೈದಿಪ್ಪತ್ತು ನಿಮಿಷ ಬಿಡಿ. ಮಣ್ಣು ತಳ ಸೇರುತ್ತದೆ. ಜೀವಿಗಳೂ ಬೇರಿನ ಚೂರುಗಳೂ ತೇಲುತ್ತವೆ. ತೇಲಿದ್ದನ್ನು ಬಟ್ಟೆಗೆ ಬಗ್ಗಿಸಿ, ನೀರಿನಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಿ. ಅದೇ ಮಣ್ಣನ್ನು ಇನ್ನೊಮ್ಮೆ ಕಲಕಿ ತೇಲಿಸಿದರೆ ಇನ್ನಷ್ಟು ಬರುತ್ತವೆ.

ಈಗ ಮೂರರಲ್ಲಿ ಒಂದು ಕಾಣಬೇಕು. ಸುಕ್ಕಾಗಿ ಸತ್ತ ಜೀವಿಗಳು ಬೇಕಾದಷ್ಟಿದ್ದರೆ, ಮಣ್ಣು ಆಲಿಕೆಗೆ ಬಂದಾಗ ಅವು ಬದುಕಿದ್ದವು ಅನ್ನುವ ಸಾಧ್ಯತೆ ಹೆಚ್ಚು. ಹೊರಬರಲಾಗದೆ ಸತ್ತಿವೆ. ಜರಡಿಯ ಹತ್ತಿರದ ಮಣ್ಣು ಇನ್ನೂ ತಣ್ಣಗಿದ್ದು, ಅದರಲ್ಲಿ ಬದುಕಿರುವವು ಓಡಾಡುತ್ತಿದ್ದರೆ ಶಾಖ ಸಾಲದು, ಇಲ್ಲವೇ ಸಮಯ ಸಾಲದು. ಮಣ್ಣಿನಲ್ಲೂ ಏನೂ ಇಲ್ಲದಿದ್ದರೆ ತಪ್ಪು ಆಲಿಕೆಗಿಂತ ಹಿಂದೆ ಇದೆ. ಮಣ್ಣು ತೆಗೆದ ರೀತಿ, ಸಾಗಿಸಿದ ರೀತಿ, ತೆಗೆದ ಕಾಲ ನೋಡಿ.

ಒಂದು ಎಚ್ಚರಿಕೆ. ಓರಿಬ್ಯಾಟಿಡ್ ನುಸಿಗಳ ಕವಚ ಗಟ್ಟಿ. ಸತ್ತು ಎಷ್ಟೋ ಕಾಲವಾದ ಮೇಲೂ ಖಾಲಿ ಕವಚ ಮಣ್ಣಿನಲ್ಲಿ ಉಳಿಯುತ್ತದೆ, ಅದೂ ತೇಲುತ್ತದೆ. ಕಾಲುಗಳಿಲ್ಲದ, ಒಳಗೆ ಟೊಳ್ಳಾಗಿ ಬೆಳಕು ಹಾಯುವ ಕವಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮಣ್ಣಿನೊಳಗೇ ಒಣಗಿ ಸತ್ತಿವೆ

ಹೆಚ್ಚು ಕಾಣುವ ದೋಷ ಇದು, ಮತ್ತು ಹೆಚ್ಚಿನ ಸಲ ಕಾರಣ ಆತುರ. ಮೊದಲ ದಿನವೇ 60 ವ್ಯಾಟ್ ಬಲ್ಬನ್ನು ಮಣ್ಣಿನ ತಲೆಯ ಮೇಲೆ ಇಳಿಸಿದರೆ ಮೇಲ್ಪದರ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ನುಸಿಯ ವೇಗಕ್ಕಿಂತ ಒಣಗುವ ವೇಗ ಜಾಸ್ತಿಯಾದರೆ ನುಸಿ ಸಾಯುತ್ತದೆ, ಅಷ್ಟೇ. ಮಣ್ಣಿನ ಮೇಲ್ಭಾಗಕ್ಕೆ ಒಂದು ಥರ್ಮಾಮೀಟರ್ ಚುಚ್ಚಿ. ಮೊದಲ ದಿನ ಕೋಣೆಗಿಂತ ಐದಾರು ಡಿಗ್ರಿ ಮಾತ್ರ ಹೆಚ್ಚಿರಲಿ. ಮೂರು ನಾಲ್ಕನೇ ದಿನಕ್ಕೆ 40 ಡಿಗ್ರಿ ಆಸುಪಾಸು, ಕೊನೆಗೆ 45ರಿಂದ 50. ಹೀಗೆ ಏರಿಸಲು ಡಿಮ್ಮರ್ ಇದ್ದರೆ ಚೆನ್ನ. ಇಲ್ಲದಿದ್ದರೆ ಬಲ್ಬನ್ನು ಮೊದಲು 30 ಸೆಂ.ಮೀ. ಎತ್ತರದಲ್ಲಿ ಕಟ್ಟಿ ದಿನಕ್ಕಿಷ್ಟು ಇಳಿಸುತ್ತಾ ಹೋಗಿ. ಮೊದಲ ದಿನಕ್ಕೆ ಹಳೇ ಕಾಲದ ಝೀರೋ ಬಲ್ಬ್ ಕೂಡ ಸಾಕು. ಹೆಸರು ಝೀರೋ ಆದರೂ ಅದು ಹದಿನೈದು ವ್ಯಾಟ್‌ನಷ್ಟು ಕರೆಂಟ್ ಎಳೆಯುತ್ತದೆ, ಬಹುಪಾಲು ಶಾಖವಾಗಿಯೇ ಹೋಗುತ್ತದೆ.

ಎರಡನೆಯದು ಮಣ್ಣಿನ ದಪ್ಪ. ಹತ್ತು ಸೆಂ.ಮೀ. ತುಂಬಿದರೆ ಮೇಲಿದ್ದವು ಅಷ್ಟು ದೂರ ಇಳಿಯುವುದಿಲ್ಲ. ಐದು ಸೆಂ.ಮೀ. ಸಾಕು. ಆಳದ ಮಣ್ಣೂ ಬೇಕಿದ್ದರೆ ಐದೈದು ಸೆಂ.ಮೀ. ತುಂಡು ಮಾಡಿ ಬೇರೆ ಬೇರೆ ಆಲಿಕೆಗೆ ಹಾಕಿ.

ಮೂರನೆಯದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಕೋರ್ ಅನ್ನು, ಅಂದರೆ ಕೊಳವೆ ಒತ್ತಿ ತೆಗೆದ ಮಣ್ಣಿನ ತುಂಡನ್ನು, ಯಾವ ಮುಖ ಮೇಲೆ ಮಾಡಿ ಇಟ್ಟಿದ್ದೀರಿ? ನೆಲದ ಮೇಲ್ಮೈ ಕಡೆ ರಂಧ್ರಗಳು ದೊಡ್ಡವು, ಕೆಳಗೆ ಹೋದಂತೆ ಕಿರಿದು. ಕೋರ್ ಅನ್ನು ನೆಲದಲ್ಲಿದ್ದಂತೆಯೇ ಇಟ್ಟರೆ ಜೀವಿಗಳು ಅಗಲ ದಾರಿಯಿಂದ ಇಕ್ಕಟ್ಟಿನ ದಾರಿಗೆ ಇಳಿಯಬೇಕು. ಬೋರಲು ಹಾಕಿದರೆ ಇಳಿದಂತೆ ದಾರಿ ಅಗಲವಾಗುತ್ತದೆ. ಹಾಗಾಗಿ ಕೋರ್ ಯಾವತ್ತೂ ತಲೆಕೆಳಗು. ಮೊಂಡು ಕೊಳವೆಯನ್ನು ಸುತ್ತಿಗೆಯಿಂದ ಬಡಿದು ಕೋರ್ ತೆಗೆದರೆ ಈ ರಂಧ್ರಗಳೇ ಮುಚ್ಚಿಹೋಗುತ್ತವೆ. ಕೊಳವೆಯ ಅಂಚನ್ನು ಸಾಣೆ ಹಿಡಿಸಿ.

ಎರೆ ಭೂಮಿಯ ಮಣ್ಣು ತಂದವರಿಗೆ ಕಷ್ಟ ಇನ್ನೊಂದಿದೆ. ಧಾರವಾಡ, ಗದಗ ಕಡೆಯ ಕಪ್ಪು ಮಣ್ಣು ಒಣಗಿದಂತೆ ಕುಗ್ಗುತ್ತದೆ, ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಒಳಗಿದ್ದದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಬಲ್ಬಿನಲ್ಲಿ ಏನು ಬದಲಾವಣೆ ಮಾಡಿದರೂ ಇದು ಪೂರ್ತಿ ಸರಿಯಾಗುವುದಿಲ್ಲ. ಹೆಂಟೆಯನ್ನು ಬೆರಳಿನಲ್ಲಿ ಮೆಲ್ಲಗೆ ಬಿಡಿಸಿ ತೆಳ್ಳಗೆ ಹರಡಿದರೆ ಸ್ವಲ್ಪ ಉತ್ತಮ. ನನ್ನನ್ನು ಕೇಳಿದರೆ, ಎರೆಮಣ್ಣಿಗೆ ಆಲಿಕೆಯನ್ನು ನೆಚ್ಚಿಕೊಳ್ಳಬೇಡಿ, ಮೇಲೆ ಹೇಳಿದ ತೇಲಿಸುವ ವಿಧಾನವನ್ನೇ ಮುಖ್ಯ ವಿಧಾನ ಮಾಡಿಕೊಳ್ಳಿ. ಮಲೆನಾಡಿನ ದರಗಿಗೆ, ಗೊಬ್ಬರ ತುಂಬಿದ ತೋಟದ ಸಡಿಲ ಮಣ್ಣಿಗೆ ಆಲಿಕೆಯಷ್ಟು ಸುಲಭದ ವಿಧಾನ ಬೇರೆ ಇಲ್ಲ.

ಬಲ್ಬ್ ಉರಿಯುತ್ತಿದೆ, ಮಣ್ಣು ಒಣಗುತ್ತಿಲ್ಲ

ಬಲ್ಬ್ ಎಲ್‌ಇಡಿ ಆಗಿರಬಹುದು, ನೋಡಿ. ಹಳೆಯ ಪುಸ್ತಕಗಳಲ್ಲಿ "25 ಅಥವಾ 40 ವ್ಯಾಟ್ ಬಲ್ಬ್" ಎಂದಷ್ಟೇ ಇರುತ್ತದೆ. ಬರೆದವರ ಕಾಲದಲ್ಲಿ ಬಲ್ಬ್ ಅಂದರೆ ತಂತಿ ಕಾಯುವ ಬಲ್ಬೇ. 2015ರ ಉಜಾಲಾ ಯೋಜನೆಯ ನಂತರ ಮನೆ, ಕಾಲೇಜು ಎಲ್ಲ ಕಡೆ ಎಲ್‌ಇಡಿ ಬಂತು. ಒಂಬತ್ತು ವ್ಯಾಟ್ ಎಲ್‌ಇಡಿ ಬೆಳಕು ಚೆನ್ನಾಗಿಯೇ ಕೊಡುತ್ತದೆ, ಮಣ್ಣಿಗೆ ಬೇಕಾದ ಶಾಖ ಕೊಡುವುದಿಲ್ಲ. ಬೆಳಕಿಗೆ ಹೆದರಿ ಕೆಲವು ಕೆಳಗಿಳಿಯಬಹುದು, ಆದರೆ ಒಂದು ಸೆಂ.ಮೀ. ಒಳಗೆ ಹೋದರೆ ಅವಕ್ಕೆ ಕತ್ತಲೆಯೇ. ಕೆಲಸ ಮಾಡಬೇಕಾದ್ದು ಒಣಗುವಿಕೆ. ತಂತಿ ಬಲ್ಬ್ ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಕೋಳಿಮರಿ ಸಾಕುವವರನ್ನು ಕೇಳಿ, ಮರಿಗಳಿಗೆ ಕಾವು ಕೊಡಲು ಅವರು ಇಟ್ಟುಕೊಂಡಿರುತ್ತಾರೆ. ಅಲ್ಲಿ ಕೆಂಪು ಇನ್‌ಫ್ರಾರೆಡ್ ದೀಪವೂ ಸಿಗುತ್ತದೆ, ಆದರೆ 150, 250 ವ್ಯಾಟ್‌ನ ಅದನ್ನು ಸಣ್ಣ ಆಲಿಕೆಯ ಮೇಲೆ ತೂಗಿಸಿದರೆ ಮಣ್ಣು ಹುರಿದುಹೋಗುತ್ತದೆ.

ಕರೆಂಟ್ ಹೋಗುವುದು ಇನ್ನೊಂದು ಕಾರಣ. ಬಲ್ಬ್ ಆರಿದಾಗ ಮಣ್ಣು ತಣಿಯುತ್ತದೆ, ಇಳಿಯುತ್ತಿದ್ದವು ನಿಂತುಬಿಡುತ್ತವೆ. ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ, ಕೊನೆಗೆ ಅರ್ಧ ದಿನ ಜಾಸ್ತಿ ಇಡಿ. ದಿನಾ ಆರು ಗಂಟೆ ಹೋಗುವ ಊರಾದರೆ ಅವಧಿ ಹೆಚ್ಚಿಸಲೇಬೇಕು. ಇನ್‌ವರ್ಟರ್‌ಗೆ ಹಾಕುವ ಮುನ್ನ ಲೆಕ್ಕ ಹಾಕಿ. 40 ವ್ಯಾಟ್‌ನ ಹತ್ತು ಬಲ್ಬ್ ಅಂದರೆ 400 ವ್ಯಾಟ್, ಬ್ಯಾಟರಿ ಬೇಗ ಇಳಿಯುತ್ತದೆ.

ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯಂಥ ಕಡೆ ಇದೇ ತೊಂದರೆ ತಿರುವುಮುರುವಾಗಿ ಬರುತ್ತದೆ. ಕೋಣೆಯೇ 38, 40 ಡಿಗ್ರಿ ಇದ್ದರೆ ಮಣ್ಣಿನ ಮೇಲೂ ಬಿಸಿ, ಕೆಳಗೂ ಬಿಸಿ. ಬೇಕಾದ್ದು ಮೇಲೆ ಕೆಳಗಿನ ವ್ಯತ್ಯಾಸ. ಇಂಗ್ಲೆಂಡಿನ ಮ್ಯಾಕ್‌ಫಾಡ್ಯೆನ್ 1950ರ ದಶಕದಲ್ಲಿ ರೂಪಿಸಿದ ಉಪಕರಣದಲ್ಲಿ ಮಣ್ಣನ್ನು ಮೇಲಿನಿಂದ ಕಾಯಿಸುವುದರ ಜೊತೆಗೆ ಕೆಳಗಿನಿಂದ ತಣ್ಣಗೂ ಇಡುತ್ತಾರೆ. ಅಷ್ಟು ದುಬಾರಿ ವ್ಯವಸ್ಥೆ ಬೇಕಿಲ್ಲ. ಸೀಸೆಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಆಲಿಕೆಯ ಕೆಳಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ.

ಮಣ್ಣಿನಲ್ಲೂ ಇಲ್ಲ, ಸೀಸೆಯಲ್ಲೂ ಇಲ್ಲ

ಮಣ್ಣು ಹೇಗೆ ಬಂತು ಎಂದು ಕೇಳಿಕೊಳ್ಳಿ. ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ, ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಂದ ಮಣ್ಣಿನಿಂದ ಏನನ್ನೂ ನಿರೀಕ್ಷಿಸಬೇಡಿ. ಸ್ಪ್ರಿಂಗ್‌ಟೇಲ್‌ಗಳು ಮೊದಲು ಸಾಯುತ್ತವೆ, ಮೆತ್ತಗಿನ ಮೈ ಬೇಗ ಕೊಳೆತು ಗುರುತೂ ಸಿಗುವುದಿಲ್ಲ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತನ್ನಿ, ಐಸ್ ಪ್ಯಾಕ್ ಮಣ್ಣಿಗೆ ನೇರವಾಗಿ ತಾಗದಿರಲಿ. ಬಂದ ದಿನವೇ ಆಲಿಕೆಗೆ ಹಾಕಿ. ಆಗದಿದ್ದರೆ ಫ್ರಿಜ್‌ನಲ್ಲಿ 4, 5 ಡಿಗ್ರಿಯಲ್ಲಿ ಒಂದೆರಡು ದಿನ ಇಡಬಹುದು. ಜಾಸ್ತಿ ದಿನ ಇಟ್ಟರೆ ಒಳಗಿರುವ ಬೇಟೆಗಾರ ನುಸಿಗಳು ಉಳಿದವನ್ನು ತಿನ್ನುತ್ತಾ ಕೂರುತ್ತವೆ.

ಕಾಲವೂ ನೋಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಬಯಲುಸೀಮೆಯ ಮೇಲ್ಮಣ್ಣು ಪುಡಿಪುಡಿಯಾಗಿರುತ್ತದೆ. ಆಗ ಕೆಲವು ಜೀವಿಗಳು ಆಳಕ್ಕೆ ಇಳಿದಿರುತ್ತವೆ, ಇನ್ನು ಕೆಲವು ಮೊಟ್ಟೆಯಾಗಿ ಮಳೆ ಕಾಯುತ್ತಿರುತ್ತವೆ. ಮೊಟ್ಟೆ ನಡೆಯುವುದಿಲ್ಲ, ಅಲ್ವಾ? ಅದೇ ಜಾಗದಿಂದ ಮೊದಲ ಮಳೆಗಳ ನಂತರ ಇನ್ನೊಮ್ಮೆ ತೆಗೆದು ಹೋಲಿಸಿ.

ನುಸಿ ಮಾತ್ರ ಬರುತ್ತಿವೆ, ಅಥವಾ ಸ್ಪ್ರಿಂಗ್‌ಟೇಲ್ ಮಾತ್ರ

ಒಟ್ಟು ಸಂಖ್ಯೆಗಿಂತ ಈ ಲಕ್ಷಣ ಹೆಚ್ಚು ಮಾತಾಡುತ್ತದೆ. ಸ್ಪ್ರಿಂಗ್‌ಟೇಲ್‌ಗಳು ಮೊದಲ ದಿನಗಳಲ್ಲೇ ಬೀಳುತ್ತವೆ. ಗಟ್ಟಿ ಕವಚದ ಓರಿಬ್ಯಾಟಿಡ್‌ಗಳು ಒಣಹವೆ ತಡೆದುಕೊಂಡು ನಿಧಾನವಾಗಿ, ಕೊನೆಯಲ್ಲಿ ಬರುತ್ತವೆ. ಸೀಸೆಯಲ್ಲಿ ಬರೀ ಗಟ್ಟಿ ನುಸಿಗಳಿದ್ದರೆ ಮೆತ್ತಗಿನವು ಸಾಗಣೆಯಲ್ಲೋ ಮೊದಲ ದಿನದ ಬಿಸಿಗೋ ಸತ್ತಿವೆ ಎಂದು ಸಂಶಯಪಡಿ. ಬರೀ ಸ್ಪ್ರಿಂಗ್‌ಟೇಲ್‌ಗಳಿದ್ದರೆ ನೀವು ಬೇಗ ನಿಲ್ಲಿಸಿದ್ದೀರಿ.

ಖಚಿತ ಮಾಡಿಕೊಳ್ಳಲು ಸೀಸೆಯನ್ನು 1, 2, 4 ಮತ್ತು 7ನೇ ದಿನ ಬದಲಿಸಿ ಬೇರೆ ಬೇರೆ ಎಣಿಸಿ. ಕೊನೆಯ ಸೀಸೆಯಲ್ಲಿ ಬೆರಳೆಣಿಕೆಯಷ್ಟಿದ್ದರೆ ಮುಗಿಯಿತು. ಇನ್ನೂ ಚೆನ್ನಾಗಿ ಬರುತ್ತಿದ್ದರೆ ಮುಗಿದಿಲ್ಲ. ತೆಳ್ಳನೆಯ ದರಗಿಗೆ ಮೂರು ನಾಲ್ಕು ದಿನ ಸಾಕಾಗಬಹುದು, ಮಣ್ಣಿನ ಕೋರ್‌ಗೆ ಐದರಿಂದ ಏಳು ದಿನ ಬೇಕು. ದಿನ ಲೆಕ್ಕಕ್ಕಿಂತ ಮಣ್ಣು ತಳದವರೆಗೂ ಗರಿಗರಿ ಒಣಗಿದೆಯೇ ಎಂದು ಮುಟ್ಟಿ ನೋಡುವುದು ಮೇಲು.

ಮಣ್ಣಿನಿಂದ ಹೊರಬಂದಿವೆ, ಸೀಸೆ ಸೇರಿಲ್ಲ

ಟಾರ್ಚ್ ಹಿಡಿದು ಆಲಿಕೆಯ ಒಳಗೋಡೆ ನೋಡಿ. ಹನಿಗಳು ಕಟ್ಟಿವೆಯೇ? ಮಣ್ಣಿನಿಂದ ಎದ್ದ ಆವಿ ತಣ್ಣನೆಯ ಗೋಡೆಯಲ್ಲಿ ಹನಿಯಾಗುತ್ತದೆ. ಜರಡಿಯಿಂದ ಬಿದ್ದ ನುಸಿ ಆ ಹನಿಯಲ್ಲಿ ಅಂಟಿಕೊಂಡರೆ ಅಲ್ಲೇ ಸಮಾಧಿ. ಮಣ್ಣು ತೀರಾ ಒದ್ದೆ ಇದ್ದಾಗ, ಮಳೆಗಾಲದಲ್ಲಿ ಇದು ಸದಾ ಇರುವ ಕಾಟ. ಮಣ್ಣು ಗೋಡೆಗೆ ಒತ್ತಿಕೊಳ್ಳದೆ ಸುತ್ತ ಬೆರಳಗಲ ಜಾಗ ಇರಲಿ, ಗಾಳಿ ಆಡಲಿ. ಕೊನೆಗೆ ಗೋಡೆಯನ್ನು ಆಲ್ಕೋಹಾಲ್‌ನಿಂದ ತೊಳೆದು ಆ ದ್ರವವನ್ನೂ ಸೀಸೆಗೆ ಸೇರಿಸಿ. ಈ ಒಂದು ಅಭ್ಯಾಸವನ್ನು ದೋಷ ಇರಲಿ ಬಿಡಲಿ, ಪ್ರತಿ ಸಲವೂ ಮಾಡಿ. ಆಲಿಕೆಯ ಗೋಡೆ ಕಡಿದಾಗಿ, ನುಣುಪಾಗಿ ಇರಬೇಕು. ಕುಡಿಯುವ ನೀರಿನ ದೊಡ್ಡ ಬಾಟಲಿ ಕತ್ತರಿಸಿ ಮಾಡಿದ ಆಲಿಕೆ ತಪ್ಪೇನಲ್ಲ, ಆದರೆ ಅದರ ಏಣುಗಳ ಮೇಲೆ ಸ್ಪ್ರಿಂಗ್‌ಟೇಲ್‌ಗಳು ಕೂತುಬಿಡುತ್ತವೆ.

ಆಲ್ಕೋಹಾಲ್ ಆವಿಯನ್ನೂ ಮರೆಯಬೇಡಿ. ಆಲಿಕೆಯ ಬಾಯಿ ಸೀಸೆಯೊಳಗೆ ಬಿಗಿಯಾಗಿ ಕೂತಿದ್ದರೆ ಆವಿ ನೇರ ಮೇಲೇರಿ ಇಳಿಯುವವನ್ನು ಹಿಂದಕ್ಕೆ ಅಟ್ಟುತ್ತದೆ. ಸ್ವಲ್ಪ ಸಡಿಲ ಬಿಡಿ. ಇದು ದೊಡ್ಡ ತೊಂದರೆ ಅನ್ನಿಸಿದರೆ ಸೀಸೆಗೆ ಬೇಗ ಆವಿಯಾಗದ ಪ್ರೊಪಿಲೀನ್ ಗ್ಲೈಕಾಲ್ ಹಾಕಿ, ಎಣಿಸುವ ಮುಂಚೆ ಆಲ್ಕೋಹಾಲ್‌ಗೆ ವರ್ಗಾಯಿಸಿ. ಬಿಸಿಗೆ ಆಲ್ಕೋಹಾಲ್ ಆರಿಹೋಗುವುದೂ ಇದೆ. ದಿನಾ ನೋಡಿ ತುಂಬಿಸಿ, ಎರಡು ಹನಿ ಗ್ಲಿಸರಿನ್ ಹಾಕಿಡಿ. ಜೆಲ್ ಸ್ಯಾನಿಟೈಸರ್ ಮಾತ್ರ ಬೇಡ. ಅದರ ಲೋಳೆಯಿಂದ ನುಸಿಗಳನ್ನು ಬಿಡಿಸುವುದು ಶಿಕ್ಷೆ.

ಸೀಸೆ ತುಂಬ ಮಣ್ಣು

ಜರಡಿಯ ಮೇಲೆ ಒಂದು ಪದರ ಪಂಚೆ ಬಟ್ಟೆ ಹಾಸಲು ಹೋಗಬೇಡಿ, ದೊಡ್ಡ ಜೀವಿಗಳಿಗೆ ದಾರಿ ಮುಚ್ಚುತ್ತದೆ. ಮಣ್ಣು ತುಂಬುವಾಗ ಕೆಳಗೆ ಸೀಸೆಯ ಬದಲು ಕಾಗದ ಇಡಿ. ಉದುರಿದ್ದನ್ನು ಮೆಲ್ಲಗೆ ಮೇಲೆ ವಾಪಸ್ ಸುರಿದು, ಅಲುಗಾಟ ನಿಂತ ಮೇಲೆ ಸೀಸೆ ಇಡಿ. ಮರಳು ಮಣ್ಣಿನಲ್ಲಿ ಕೊಂಚ ಉದುರುವುದು ಇದ್ದೇ ಇದೆ. ಅದನ್ನು ಮೇಲೆ ಹೇಳಿದ ಮೆಗ್ನೀಸಿಯಂ ಸಲ್ಫೇಟ್ ದ್ರಾವಣದಲ್ಲಿ ತೇಲಿಸಿ ಬೇರ್ಪಡಿಸಿ.

ಬರಬಾರದವು ಬಂದಿವೆ

ದೀಪ ಕಂಡು ಬಂದ ಪತಂಗ, ಸೊಳ್ಳೆ, ಗೋಡೆಯಿಂದ ಇಳಿದ ಕಪ್ಪಿರುವೆ ಸೀಸೆಯಲ್ಲಿ ಸಿಗುತ್ತವೆ. ಆಲಿಕೆಯ ಮೇಲ್ಬಾಯಿಗೆ ತೆಳು ಬಟ್ಟೆ ಕಟ್ಟಿ, ಅದು ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ. ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ. ಇರುವೆ ಚಾಕ್ ಗೀರಬೇಡಿ, ಆ ಕೋಣೆಯಲ್ಲಿ ಸೊಳ್ಳೆ ಬತ್ತಿಯನ್ನೂ ಹಚ್ಚಬೇಡಿ. ಇರುವೆ ಕೊಲ್ಲುವ ವಿಷಕ್ಕೆ ನುಸಿ ಯಾವುದು, ಇರುವೆ ಯಾವುದು ಎಂಬ ಭೇದವಿಲ್ಲ. ಮಣ್ಣೇ ಇಲ್ಲದ ಒಂದು ಖಾಲಿ ಆಲಿಕೆಯನ್ನು ಸಾಲಿನಲ್ಲಿ ಸುಮ್ನೆ ಉರಿಸಿ. ಅದರ ಸೀಸೆಯಲ್ಲಿ ಬಿದ್ದದ್ದೆಲ್ಲ ಕೋಣೆಯದು.

ಜೀವಿಗಳು ಇವೆ, ಸಂಖ್ಯೆ ಸರಿಯಿಲ್ಲ

ಸ್ಪ್ರಿಂಗ್‌ಟೇಲ್‌ಗಳ ಮೈಗೆ ನೀರು ಹತ್ತುವುದಿಲ್ಲ. ಹಲವು ದ್ರವದ ಮೇಲೇ ತೇಲುತ್ತಾ ತಟ್ಟೆಯ ಅಂಚಿಗೆ ಅಂಟಿರುತ್ತವೆ. ಸೂಕ್ಷ್ಮದರ್ಶಕವನ್ನು ತಳಕ್ಕೆ ಫೋಕಸ್ ಮಾಡಿ ಎಣಿಸಿದರೆ ಇವು ತಪ್ಪಿಹೋಗುತ್ತವೆ. ಹೆಚ್ಚು ಸಾಂದ್ರತೆಯ ಆಲ್ಕೋಹಾಲ್‌ನ ಕೆಲವು ಹನಿ ಹಾಕಿದರೆ ಮುಳುಗುತ್ತವೆ. ತಟ್ಟೆಯ ತಳಕ್ಕೆ ಚೌಕಗಳ ಗೆರೆ ಎಳೆದು ಸಾಲುಸಾಲಾಗಿ ಎಣಿಸಿ. ಪೊರೆ ಬಿಟ್ಟ ಚರ್ಮವನ್ನು ಜೀವಿ ಎಂದು ಎಣಿಸಬೇಡಿ.

ಲೆಕ್ಕದಲ್ಲೂ ಒಂದು ಗುಂಡಿ ಇದೆ. 5 ಸೆಂ.ಮೀ. ವ್ಯಾಸದ ಕೋರ್‌ನ ಅಡ್ಡಕೊಯ್ತ 19.6 ಚದರ ಸೆಂ.ಮೀ. ಒಂದು ಚದರ ಮೀಟರಿಗೆ ತರಲು 509ರಿಂದ ಗುಣಿಸಬೇಕು. ಹತ್ತು ಕೋರ್‌ನಲ್ಲಿ 240 ಸಿಕ್ಕರೆ ಸರಾಸರಿ 24, ಅಂದರೆ ಚದರ ಮೀಟರಿಗೆ ಸುಮಾರು 12,200. ವ್ಯಾಸವನ್ನೇ ತ್ರಿಜ್ಯ ಎಂದುಕೊಂಡರೆ ಉತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಸಂಖ್ಯೆ ಬೇರೆಯವರದಕ್ಕಿಂತ ಸರಿಯಾಗಿ ನಾಲ್ಕು ಪಟ್ಟು ಕಡಿಮೆ ಇದ್ದರೆ ಮೊದಲು ಇದನ್ನು ನೋಡಿ. ಒಂದು ಕೋರ್‌ನಲ್ಲಿ ಮೂರು, ಪಕ್ಕದ್ದರಲ್ಲಿ ಎಂಬತ್ತು ಬರುವುದು ಮಾತ್ರ ದೋಷವಲ್ಲ. ಇವು ಗುಂಪುಗುಂಪಾಗಿಯೇ ಇರುತ್ತವೆ. ಹಾಗಾಗಿ ಒಂದು ದೊಡ್ಡ ಕೋರ್‌ಗಿಂತ ಹಲವು ಸಣ್ಣ ಕೋರ್‌ಗಳು ಮೇಲು, ಮತ್ತು ಸೊನ್ನೆ ಬಂದ ಕೋರ್ ಅನ್ನು ಲೆಕ್ಕದಿಂದ ಕೈಬಿಡಬಾರದು.

ದುರಸ್ತಿ ಆಗಿದೆಯೇ ಎಂದು ತಿಳಿಯಲು

ಮಣ್ಣನ್ನು ಹಾಟ್ ಏರ್ ಅವನ್‌ನಲ್ಲಿ 80 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಜೀವಿಗಳಿಲ್ಲದಂತೆ ಮಾಡಿ, ತಣಿದ ಮೇಲೆ ನೀರು ಚಿಮುಕಿಸಿ ಮೊದಲಿನ ತೇವಕ್ಕೆ ತನ್ನಿ. ಅದಕ್ಕೆ ಎಣಿಸಿದ 50 ಜೀವಂತ ಸ್ಪ್ರಿಂಗ್‌ಟೇಲ್‌ಗಳನ್ನು ಬಿಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಸ್ವಲ್ಪ ಇದ್ದಿಲ ಪುಡಿ ಬೆರೆಸಿ ಡಬ್ಬಿಯ ತಳಕ್ಕೆ ಎರೆದು, ತೇವ ಇಟ್ಟು, ಚಿಟಿಕೆ ಯೀಸ್ಟ್ ಹಾಕುತ್ತಿದ್ದರೆ ಇವನ್ನು ಸಾಕಿಕೊಳ್ಳಬಹುದು. ಒಂದು ದಿನ ಮಣ್ಣಿನಲ್ಲಿ ಇಳಿಯಲು ಬಿಟ್ಟು, ನಂತರ ಆಲಿಕೆಗೆ ಹಾಕಿ. ಸೀಸೆಯಲ್ಲಿ 45 ಬಂದರೆ ನಿಮ್ಮ ಆಲಿಕೆ ಚೆನ್ನಾಗಿದೆ. 20 ಬಂದರೆ ಮೇಲಿನ ಸಾಲುಗಳಿಗೆ ವಾಪಸ್ ಹೋಗಿ. ಬಂದ ಪ್ರಮಾಣವನ್ನು ವರದಿಯಲ್ಲಿ ಬರೆಯಿರಿ, ಬಲ್ಬಿನ ವ್ಯಾಟ್, ದಿನಗಳು, ಜರಡಿಯ ಕಣ್ಣು ಇವುಗಳ ಜೊತೆಗೆ.

ಈ ಪರೀಕ್ಷೆ ಓಡಾಡುವವುಗಳಿಗೆ ಮಾತ್ರ ಹೊಂದುತ್ತದೆ. ಮೊಟ್ಟೆ, ಪೊರೆ ಬಿಡಲು ನಿಶ್ಚಲವಾಗಿ ಕೂತ ಮರಿಗಳು, ಆಳದ ಸಣ್ಣ ಮೆತ್ತಗಿನ ನುಸಿಗಳು ಆಲಿಕೆಗೆ ಸರಿಯಾಗಿ ಸಿಗುವುದೇ ಇಲ್ಲ. ಅವು ಬೇಕೆಂದರೆ ಹೆಪ್ಟೇನ್‌ನಲ್ಲಿ ತೇಲಿಸುವ ವಿಧಾನ ಇದೆ. ಜೀವಿಗಳ ಮೇಣದ ಮೈಗೆ ಹೆಪ್ಟೇನ್ ಹತ್ತಿಕೊಳ್ಳುತ್ತದೆ, ನೆನೆದ ಬೇರು, ಎಲೆ ಚೂರುಗಳಿಗೆ ಹತ್ತುವುದಿಲ್ಲ, ಹಾಗಾಗಿ ಜೀವಿಗಳು ಮಾತ್ರ ಮೇಲೆ ಬರುತ್ತವೆ. ಅದು ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ದ್ರವ. ಫ್ಯೂಮ್ ಹುಡ್ (ಪ್ರಯೋಗಾಲಯದಲ್ಲಿ ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ ಮಾಡಿ, ಬಲ್ಬ್ ಉರಿಯುವ ಆಲಿಕೆಗಳ ಕೋಣೆಯಲ್ಲಿ ಬೇಡವೇ ಬೇಡ.